ಬೆಲೀಜ್ ಲಿವ್‌ಅಬೋರ್ಡ್ ಬಗ್ಗೆ ಕೇಳಿದ್ದಿರಲ್ಲ: ಆಗಸ್ಟ್ ಬೇಡ, ಬ್ಲೂ ಹೋಲ್ ಒಂದಕ್ಕಂತೂ ಬೇಡವೇ ಬೇಡ

ಮೇಡಂ, ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಲಿವ್‌ಅಬೋರ್ಡ್‌ಗೆ, ಅಂದರೆ ವಾರವಿಡೀ ದೋಣಿಯಲ್ಲೇ ಇದ್ದು ಸ್ಕೂಬಾ ಡೈವ್ ಮಾಡುವ ಪ್ರವಾಸಕ್ಕೆ, ಆಗಸ್ಟ್‌ನಲ್ಲಿ ಹೋಗಬಹುದಾ ಅಂತ ನಿನ್ನೆ ನೀವು ಹಾಕಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಮುಗಿಸೋಣ ಅಂತ ಕೂತೆ, ಆಗಲಿಲ್ಲ. ಉದ್ದ ಆಗಿದೆ, ಚಹಾ ಇಟ್ಟುಕೊಂಡು ಓದಿ.

ನೀವು ಹೇಳಿದ್ದು ಇಷ್ಟು: ನೇತ್ರಾಣಿಯಲ್ಲಿ ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದ್ದೀರಿ, ಅಂಡಮಾನಿನದ್ದೂ ಸೇರಿ 22 ಡೈವ್ ಆಗಿದೆ, ಈಗ ಡಲ್ಲಾಸ್‌ನಲ್ಲಿದ್ದೀರಿ. ಆಗಸ್ಟ್‌ಗೆ ಒಳ್ಳೇ ಡಿಸ್ಕೌಂಟ್ ಸಿಕ್ಕಿದೆ. ಯಜಮಾನರು ಡೈವ್ ಮಾಡುವುದಿಲ್ಲ, ಆದರೂ ಜೊತೆಗೆ ಬರುತ್ತಾರೆ. ಬ್ಲೂ ಹೋಲ್, ಅದೇ ಅಲ್ಲಿಯ ಸಮುದ್ರದ ದೊಡ್ಡ ನೀಲಿ ಗುಂಡಿ, ನೋಡಲೇಬೇಕು. ನಾನು ಹೂಸ್ಟನ್‌ನಿಂದ ಎರಡು ಸಲ ಬೆಲೀಜ್‌ಗೆ ಹೋಗಿ ವಾರ ವಾರ ದೋಣಿಯಲ್ಲೇ ಇದ್ದು ಬಂದವನು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಯಜಮಾನರ ವಿಷಯ, ಅದು ಸುಲಭ. ದಯವಿಟ್ಟು ಅವರನ್ನು ಲಿವ್‌ಅಬೋರ್ಡ್ ಹತ್ತಿಸಬೇಡಿ. ಶನಿವಾರ ಸಂಜೆ ಬೆಲೀಜ್ ಸಿಟಿಯಲ್ಲಿ ದೋಣಿ ಹತ್ತಿದರೆ ಶುಕ್ರವಾರ ಮಧ್ಯಾಹ್ನದವರೆಗೆ ಊರಿಲ್ಲ, ಅಂಗಡಿಯಿಲ್ಲ. ದಿನಕ್ಕೆ ಐದು ಡೈವ್. ಏಳುವುದು, ತಿನ್ನುವುದು, ಮುಳುಗುವುದು, ತಿನ್ನುವುದು, ಮಲಗುವುದು, ಮತ್ತೆ ಮುಳುಗುವುದು. ವಾರಕ್ಕೆ 25ರ ಆಸುಪಾಸು ಡೈವ್ ಆಗುತ್ತದೆ, ಅಂದರೆ ಇಷ್ಟು ವರ್ಷದಲ್ಲಿ ನೀವು ಮಾಡಿದ್ದಕ್ಕಿಂತ ಹೆಚ್ಚು. ನಮಗೆ ಸ್ವರ್ಗ, ನೀರಿಗಿಳಿಯದವರಿಗೆ ಮೂರನೇ ದಿನಕ್ಕೆ ಜೈಲು. ಅವರೂ ಬರಲೇಬೇಕು ಅಂದರೆ ಸ್ಯಾನ್ ಪೆಡ್ರೋದಲ್ಲೋ ಕೀ ಕಾಕರ್‌ನಲ್ಲೋ, ಅಲ್ಲಿಯ ದ್ವೀಪದ ಊರುಗಳಲ್ಲಿ, ರೂಮ್ ಮಾಡಿ, ಡೇ ಬೋಟ್‌ನಲ್ಲಿ ಡೈವ್ ಮಾಡಿ. ಅದೂ ಚೆನ್ನಾಗಿಯೇ ಇರುತ್ತದೆ.

ಇನ್ನು ಆಗಸ್ಟ್. ಡಿಸ್ಕೌಂಟ್ ಸುಮ್ಮನೆ ಕೊಟ್ಟಿಲ್ಲ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಜೋರು. 2001ರ ಅಕ್ಟೋಬರ್ 8ರಂದು ಐರಿಸ್ ಚಂಡಮಾರುತ ಬಂದಾಗ ಇದೇ ಬೆಲೀಜ್‌ನಲ್ಲಿ ವೇವ್ ಡಾನ್ಸರ್ ಅನ್ನೋ ಲಿವ್‌ಅಬೋರ್ಡ್ ಮಗುಚಿ 20 ಜನ ಸತ್ತರು. ನಡುಸಮುದ್ರದಲ್ಲಿ ಅಲ್ಲ, ದಡಕ್ಕೆ ಕಟ್ಟಿ ನಿಲ್ಲಿಸಿದ್ದ ದೋಣಿ. ಈಗ ಮುನ್ಸೂಚನೆ ಎಷ್ಟೋ ಸುಧಾರಿಸಿದೆ, ದೋಣಿಯವರೂ ಎಚ್ಚರವಾಗಿದ್ದಾರೆ. ಹಾಗಾಗಿ ಜೀವಭಯಕ್ಕಿಂತ ಟ್ರಿಪ್ ಅರ್ಧಕ್ಕೆ ನಿಲ್ಲುವ ಭಯವೇ ಹೆಚ್ಚು. ಆಗಸ್ಟ್‌ಗೇ ಹೋಗುವುದಾದರೆ ಟ್ರಿಪ್ ಇನ್ಶೂರೆನ್ಸ್ ಬುಕ್ ಮಾಡಿದ ದಿನವೇ ತೆಗೆದುಕೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ತೆಗೆದುಕೊಂಡರೆ ಅದಕ್ಕೆ ದುಡ್ಡು ಸಿಗುವುದಿಲ್ಲ. ನನ್ನನ್ನು ಕೇಳಿದರೆ ಏಪ್ರಿಲ್, ಮೇ. ಜನವರಿ, ಫೆಬ್ರವರಿಯಲ್ಲಿ ಮಳೆ ಕಡಿಮೆಯಾದರೂ ಉತ್ತರದಿಂದ ಚಳಿಗಾಳಿ ಬೀಸಿ ದೋಣಿ ತೊಟ್ಟಿಲಿನ ಹಾಗೆ ತೂಗುತ್ತದೆ. ನನ್ನ ಮೊದಲ ಟ್ರಿಪ್ ಫೆಬ್ರವರಿಯಲ್ಲೇ. ಮೊದಲ ರಾತ್ರಿಯ ಊಟ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ ಅಂತಷ್ಟೇ ಹೇಳುತ್ತೇನೆ. ವಾಂತಿ ಮಾತ್ರೆ ಯಾವುದಾದರೂ ಸರಿ, ಡಾಕ್ಟರನ್ನು ಕೇಳಿ, ಮನೆಯಲ್ಲೇ ಒಂದು ದಿನ ತಿಂದು ನೋಡಿ. ಕೆಲವು ಮಾತ್ರೆ ಗಡದ್ದಾಗಿ ನಿದ್ದೆ ಬರಿಸುತ್ತವೆ, ಆ ಮಂಪರಿನಲ್ಲಿ ಡೈವ್ ಮಾಡಬಾರದು.

ಈಗ ಬ್ಲೂ ಹೋಲ್. ಮೇಲಿನಿಂದ ತೆಗೆದ ಫೋಟೋ ನೋಡಿ ಮರುಳಾಗದವರಿಲ್ಲ. ಸುಮಾರು 300 ಮೀಟರ್ ಅಗಲ, 120 ಮೀಟರ್‌ಗಿಂತ ಆಳದ ಗುಂಡಿ. ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಒಣ ನೆಲದಲ್ಲಿದ್ದ ಸುಣ್ಣಕಲ್ಲಿನ ಗುಹೆ, ಆಮೇಲೆ ಮುಳುಗಿತು. 1971ರಲ್ಲಿ ಫ್ರೆಂಚ್ ಸಮುದ್ರ ಶೋಧಕ ಕುಸ್ತೋ ತಮ್ಮ ಕ್ಯಾಲಿಪ್ಸೋ ಹಡಗು ತಂದು ಇಳಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ನೀರಿನೊಳಗೆ ನಿಮಗೆ ಆ ನೀಲಿ ವೃತ್ತ ಕಾಣುವುದೇ ಇಲ್ಲ. ಬಾವಿಗೆ ಇಳಿದವನಿಗೆ ಬಾವಿಯ ಆಕಾರ ಎಲ್ಲಿ ಕಾಣುತ್ತದೆ? ಸೀದಾ 40 ಮೀಟರ್‌ಗೆ ಇಳಿಯುತ್ತೀರಿ, ಗೋಡೆಯಿಂದ ಜೋತ ದೊಡ್ಡ ದೊಡ್ಡ ಸುಣ್ಣದ ಕಂಬಗಳ ನಡುವೆ ಸುತ್ತುತ್ತೀರಿ, ಎಂಟು ನಿಮಿಷದಲ್ಲಿ ವಾಪಸ್ ಮೇಲೇರಲು ಶುರು. ಹವಳ ಇಲ್ಲ, ಮೀನೂ ಕಡಿಮೆ, ಒಂದೆರಡು ರೀಫ್ ಶಾರ್ಕ್ ಸುತ್ತುತ್ತಿರುತ್ತವೆ. ಆ ಆಳದಲ್ಲಿ ನೈಟ್ರೋಜನ್ ನಶೆ ಏರುವುದರಿಂದ ಅದಾದರೂ ಪೂರ್ತಿ ನೆನಪಿರುತ್ತದೋ ಇಲ್ಲವೋ.

ನಿಮ್ಮ ಓಪನ್ ವಾಟರ್ ಕಾರ್ಡ್ 18 ಮೀಟರ್‌ಗೆ. ಅಡ್ವಾನ್ಸ್ಡ್ ಮಾಡಿದರೂ 30ಕ್ಕೆ. 40ಕ್ಕೆ ಡೀಪ್ ಸ್ಪೆಷಾಲಿಟಿ ಬೇಕು. ಗೈಡ್ ಜೊತೆಗಿರುತ್ತಾರೆ ಅಂತ ಕೆಲವರು 22 ಡೈವ್‌ಗೇ ಇಳಿಯುತ್ತಾರೆ, ನೀವು ಇಳಿಯಬೇಡಿ. ಇನ್ನೊಂದು ಮಾತು: ದೋಣಿಯಲ್ಲಿ ಅದರ ಕೋರ್ಸ್ ಮಾಡಿದವರಿಗೆ 32 ಪರ್ಸೆಂಟ್ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ, ಕೊಡುತ್ತಾರೆ. ದಿನಕ್ಕೆ ಐದು ಡೈವ್‌ಗೆ ಅದು ಬೇಕೇ ಬೇಕು, ಹೋಗುವ ಮುಂಚೆ ಡಲ್ಲಾಸ್‌ನಲ್ಲೇ ಆ ಕೋರ್ಸ್ ಮುಗಿಸಿಕೊಳ್ಳಿ. ಆದರೆ 40 ಮೀಟರ್‌ನಲ್ಲಿ ಅದೇ 32ರ ಆಮ್ಲಜನಕದ ಒತ್ತಡ 1.6 ಬಾರ್‌ಗೆ ಹೋಗಿಬಿಡುತ್ತದೆ, ಡೈವ್‌ಗೆ ಇಟ್ಟುಕೊಳ್ಳುವ ಮಿತಿ 1.4. ಅದಕ್ಕೇ ಬ್ಲೂ ಹೋಲ್ ದಿನ ಮಾತ್ರ ಮಾಮೂಲಿ ಗಾಳಿ. ಅವತ್ತು ನಿಮ್ಮ ಟ್ಯಾಂಕನ್ನು ನೀವೇ ಆಮ್ಲಜನಕ ಅಳೆಯುವ ಅನಲೈಸರ್ ಹಿಡಿದು ನೋಡಿ, ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ನಲ್ಲಿ ಗಾಳಿಗೆ ಬದಲಾಯಿಸಿ, ಸಂಜೆ ಮತ್ತೆ ನೈಟ್ರಾಕ್ಸ್‌ಗೆ ತನ್ನಿ. ನನ್ನ ಡೈವ್ ಜೊತೆಗಾರ ಇದನ್ನು ಮರೆತು ಇಡೀ ಮಧ್ಯಾಹ್ನ ಡೈವ್ ಇಲ್ಲದೆ ಡೆಕ್ ಮೇಲೆ ಕೂತಿದ್ದ.

ಬೆಲೀಜ್‌ನ ನಿಜವಾದ ಸೊಗಸು ಬ್ಲೂ ಹೋಲ್ ಸುತ್ತಲಿನ ಲೈಟ್‌ಹೌಸ್ ರೀಫ್‌ನಲ್ಲಿದೆ. ಹಾಫ್ ಮೂನ್ ಕೀ ದ್ವೀಪದ ನೀರೊಳಗಿನ ಗೋಡೆಯಲ್ಲಿ ಬಿಳಿ ಮರಳಿನ ಬಯಲು, ಅದರಲ್ಲಿ ಗಾರ್ಡನ್ ಈಲ್‌ಗಳು ಭತ್ತದ ಸಸಿಯ ಹಾಗೆ ತೂಗುತ್ತಿರುತ್ತವೆ. ಬಯಲು ದಾಟಿದರೆ ನೆಲವೇ ಇಲ್ಲ, ಕಡು ನೀಲಿ. ಗೋಡೆ ತುಂಬ ಮನುಷ್ಯ ಕೂರುವಷ್ಟು ದೊಡ್ಡ ಸ್ಪಂಜುಗಳು, ಸೀ ಫ್ಯಾನ್‌ಗಳು. ಜಾತಿಗಳ ಲೆಕ್ಕ ಹಿಡಿದರೆ ಕೆರಿಬಿಯನ್ ನಮ್ಮ ಅಂಡಮಾನ್ ಮುಂದೆ ಬಡವ, ಅದು ಗೊತ್ತಿರಲಿ. ಆದರೆ ಇಂಥ ಗೋಡೆ ನಾನು ಅಲ್ಲಿ ನೋಡಿಲ್ಲ. ರಾತ್ರಿ ಡೈವ್ ತಪ್ಪಿಸಬೇಡಿ. ಆಳೆತ್ತರದ ಟಾರ್ಪನ್ ಮೀನುಗಳು ನಿಮ್ಮ ಟಾರ್ಚ್ ಬೆಳಕಿನಲ್ಲೇ ಬೇಟೆಯಾಡುತ್ತವೆ, ಪಕ್ಕದಿಂದ ಭರ್ರನೆ ಹೋದಾಗ ಎದೆ ಧಸಕ್ ಅನ್ನುತ್ತದೆ. ದ್ವೀಪಕ್ಕೂ ಒಮ್ಮೆ ಕರೆದೊಯ್ಯುತ್ತಾರೆ, ಕೆಂಪು ಕಾಲಿನ ಬೂಬಿ ಹಕ್ಕಿಗಳು ಕೈಗೆಟಕುವ ಹಾಗೆ ಗೂಡು ಕಟ್ಟಿರುತ್ತವೆ.

ಅಂದ ಹಾಗೆ, ಅಂಡಮಾನ್‌ನಲ್ಲಿ ಲಯನ್‌ಫಿಶ್ ಕಂಡರೆ ಫೋಟೋ ತೆಗೆಯುತ್ತೀವಲ್ಲ, ಅದಕ್ಕೆ ಅಲ್ಲಿ ಈಟಿ. ನಮ್ಮ ಕಡೆಯ ಸಮುದ್ರದ ಮೀನು ಅಟ್ಲಾಂಟಿಕ್‌ಗೆ ಸೇರಿ, ತಿನ್ನುವವರಿಲ್ಲದೆ ಬೆಳೆದು, ಮರಿಮೀನುಗಳನ್ನೆಲ್ಲ ನುಂಗುತ್ತಿದೆ. ಹಾಗಾಗಿ ಕೊಲ್ಲುವುದೇ ಪುಣ್ಯ. ಹವಳವೂ ಮೊದಲಿನಂತಿಲ್ಲ. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಹವಳದ ರೋಗ 2019ಕ್ಕೆ ಬೆಲೀಜ್ ಮುಟ್ಟಿತು. ಸತ್ತ ಹವಳ ನೋಡಿ ಬೇಜಾರಾಗಬೇಡಿ ಅಂತ ಮೊದಲೇ ಹೇಳುತ್ತಿದ್ದೇನೆ.

ದೋಣಿ ಆರಿಸುವಾಗ ಎಲ್ಲರೂ ಎಸಿ, ಬಾತ್‌ರೂಮ್ ಕೇಳುತ್ತಾರೆ. ನೀವು ಬೇರೆ ಮೂರು ಪ್ರಶ್ನೆ ಕೇಳಿ, ಉತ್ತರ ಈಮೇಲ್‌ನಲ್ಲೇ ತರಿಸಿಕೊಳ್ಳಿ. ರಾತ್ರಿಯಿಡೀ ಒಬ್ಬರು ಎಚ್ಚರವಿದ್ದು ದೋಣಿ ಸುತ್ತುತ್ತಾರಾ? ಮಲಗುವ ಜಾಗದಿಂದ ಎರಡು ದಾರಿ ಇದ್ದು, ಎರಡೂ ಬೇರೆ ಬೇರೆ ಕಡೆ ತೆರೆಯುತ್ತವಾ? ಕ್ಯಾಮೆರಾ, ಟಾರ್ಚ್ ಬ್ಯಾಟರಿ ಎಲ್ಲಿ ಚಾರ್ಜ್ ಮಾಡಿಸುತ್ತಾರೆ? 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನ್ಸೆಪ್ಷನ್ ಅನ್ನೋ ಡೈವ್ ದೋಣಿಗೆ ಬೆಂಕಿ ಬಿತ್ತು. ಕೆಳಗೆ ಮಲಗಿದ್ದ 34 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಾವಲಿಗೆ ಯಾರೂ ಎದ್ದಿರಲಿಲ್ಲ. ಎರಡು ದಾರಿ ಇದ್ದವು, ಎರಡೂ ಬೆಂಕಿ ಹತ್ತಿದ್ದ ಅದೇ ಹಾಲ್‌ಗೇ ತೆರೆಯುತ್ತಿದ್ದವು. ಹತ್ತಿದ ಮೊದಲ ಸಂಜೆಯೇ ನಿಮ್ಮ ಕ್ಯಾಬಿನ್‌ನಿಂದ ಎರಡೂ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಹಾಸಿಗೆ ಪಕ್ಕ ಚಾರ್ಜ್ ಹಾಕಿ ಮಲಗಲು ಬಿಡುವ ದೋಣಿ ನನಗಂತೂ ಬೇಡ.

ಸಾಮಾನು ಕಡಿಮೆ ಒಯ್ಯಿರಿ. ಮಾಸ್ಕ್, ಡೈವ್ ಕಂಪ್ಯೂಟರ್, ರೆಗ್ಯುಲೇಟರ್ ಮಾತ್ರ ಕೈ ಬ್ಯಾಗ್‌ನಲ್ಲೇ ಇರಲಿ. ಒಮ್ಮೆ ನನ್ನ ಚೆಕ್ ಇನ್ ಬ್ಯಾಗ್ ಬರಲೇ ಇಲ್ಲ, ಯಾರದೋ ಮಾಸ್ಕ್ ಹಾಕಿಕೊಂಡು ಎರಡು ದಿನ ಮೂಗಿನಲ್ಲಿ ಉಪ್ಪುನೀರು ಕುಡಿದೆ. ಆವತ್ತಿನಿಂದ ಒಂದು ದಿನ ಮೊದಲೇ ಹೋಗಿ ಬೆಲೀಜ್ ಸಿಟಿಯಲ್ಲಿ ತಂಗುತ್ತೇನೆ. ಎಸ್‌ಎಂಬಿ, ಅದೇ ನೀರಿನಿಂದ ಮೇಲೆ ಬಿಡುವ ಕಿತ್ತಳೆ ಬಣ್ಣದ ಉದ್ದನೆಯ ಬಲೂನು, ನಿಮ್ಮದೇ ಒಂದಿರಲಿ, ಬಿಡುವುದನ್ನು ಮೊದಲೇ ಕಲಿತಿರಿ. ನೀರು ಬೆಚ್ಚಗಿದ್ದರೂ ನಾಲ್ಕನೇ ದಿನಕ್ಕೆ ಮೈ ಚಳಿ ಹಿಡಿಯುತ್ತದೆ, 3 ಮಿಲಿಮೀಟರ್ ಸೂಟ್ ಬೇಕು. ಪ್ರತಿ ಡೈವ್ ಆದಮೇಲೆ ಕಿವಿಗೆ ಸಿಹಿನೀರು ಹಾಕಿ ಒಣಗಿಸಿ. ಟ್ರಿಪ್ ಕೆಡಿಸುವುದು ಶಾರ್ಕ್ ಅಲ್ಲ, ಕಿವಿಸೋಂಕು. ಸುಸ್ತಾದರೆ ಒಂದು ಡೈವ್ ಬಿಟ್ಟು ಮಲಗಿ. ದುಡ್ಡು ಕೊಟ್ಟಿದ್ದೀನಿ ಅಂತ ಎಲ್ಲಾ ಡೈವ್ ಮಾಡಹೋಗಿ ಹುಷಾರು ತಪ್ಪಿದವರನ್ನು ಎರಡೂ ಸಲ ನೋಡಿದ್ದೇನೆ. ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಅವರ ಡೈವಿಂಗ್ ಇನ್ಶೂರೆನ್ಸ್ ಮಾಡಿಸಿ. ಡೈವ್‌ನಿಂದ ಮೈಯಲ್ಲಿ ಗಾಳಿಗುಳ್ಳೆ ಕಟ್ಟಿದವರಿಗೆ ಚಿಕಿತ್ಸೆ ಕೊಡುವ ಡಿಕಂಪ್ರೆಷನ್ ಚೇಂಬರ್ ಇರುವುದು ಸ್ಯಾನ್ ಪೆಡ್ರೋದಲ್ಲಿ. ಶುಕ್ರವಾರ ಬೆಳಿಗ್ಗೆ ಕೊನೆ ಡೈವ್ ಮುಗಿಸಿ, 24 ಗಂಟೆ ಬಿಟ್ಟು ಶನಿವಾರ ವಿಮಾನ ಹತ್ತಿ.

ಖರ್ಚು 3,000 ಡಾಲರ್ ಮೇಲೆಯೇ. ಪಾರ್ಕ್ ಫೀ, ನೈಟ್ರಾಕ್ಸ್ ಸೇರಿದೆಯಾ ಕೇಳಿ. ಟಿಪ್ಸ್‌ಗೆ ಇನ್ನೂ 10ರಿಂದ 15 ಪರ್ಸೆಂಟ್ ನಗದು ಇಟ್ಟುಕೊಳ್ಳಿ. ಅಮೆರಿಕನ್ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಒಂದಕ್ಕೆ ಎರಡು ಬೆಲೀಜ್ ಡಾಲರ್. ಬೆಂಗಳೂರಿನಿಂದ ನಿಮ್ಮ ತಮ್ಮನೂ ಬರಬಹುದು ಅಂದಿದ್ದಿರಿ. ಅಮೆರಿಕ ಮೂಲಕ ಬಂದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕನ್ ವೀಸಾ ಬೇಕು, ಅವರಿಗೆ ಈಗಲೇ ಹೇಳಿಬಿಡಿ.

ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಸಿ, ಅಡುಗೆಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ದಡದಲ್ಲಿ ಸಿಗುವ ರೈಸ್ ಅಂಡ್ ಬೀನ್ಸ್ ತೆಂಗಿನ ಹಾಲಿನದ್ದು, ನಮ್ಮ ಬಾಯಿಗೆ ಹಿಡಿಸುತ್ತದೆ, ಆದರೆ ಎಷ್ಟೋ ಸಲ ಹಂದಿ ಮಾಂಸದ ತುಂಡು ಹಾಕಿಯೇ ಬೇಯಿಸಿರುತ್ತಾರೆ, ಕೇಳಿ ತಿನ್ನಿ. ನಾನು ಎರಡನೇ ಸಲ ಚಟ್ನಿಪುಡಿ ಡಬ್ಬ ಒಯ್ದಿದ್ದೆ. ಬುಧವಾರದ ಹೊತ್ತಿಗೆ ಅದು ದೋಣಿಯವರದ್ದಾಗಿತ್ತು, ಬದಲಿಗೆ ಅವರ ಮೇರಿ ಶಾರ್ಪ್ಸ್ ಖಾರದ ಬಾಟಲಿ ನನ್ನ ತಟ್ಟೆ ಪಕ್ಕ ಬಂದಿತ್ತು. ಎರಡು ಡಬ್ಬ ಒಯ್ಯಿರಿ.