ಅಡುಗೆಮನೆಗೆ ಐದು ಲಕ್ಷ ಹಾಕಿದರೆ ಮನೆ ಬೆಲೆ ಏರುತ್ತಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ ಇದೆ. ಕಟ್ಟಿಸಿದ್ದು 1994ರಲ್ಲಿ. ಮಗಳ ಹತ್ತಿರ ಬೆಂಗಳೂರಿಗೆ ಹೋಗೋಣ ಅಂತ ಮುಂದಿನ ವರ್ಷ ಮಾರುವ ಯೋಚನೆ. ಅಡುಗೆಮನೆ ಹಳೇ ಕಾಲದ್ದು, ಕಡಪಾ ಕಲ್ಲಿನ ಕಟ್ಟೆ, ಬಾಗಿಲಿಲ್ಲದ ಶೆಲ್ಫು. ಐದು ಲಕ್ಷ ಹಾಕಿ ಮಾಡ್ಯುಲರ್ (ರೆಡಿಮೇಡ್ ಕಪಾಟು, ಡ್ರಾಯರ್ ಜೋಡಿಸುವ ಅಡುಗೆಮನೆ) ಮಾಡಿಸಿದರೆ ಮನೆಗೆ ಹತ್ತು ಲಕ್ಷ ಜಾಸ್ತಿ ಸಿಗುತ್ತೆ ಅಂತ ಇಂಟೀರಿಯರ್‌ನವರು ಹೇಳುತ್ತಾರೆ. ನಿಜಾನಾ?

ಉತ್ತರ: ಹೇಳಿದವರು ಯಾರು ನೋಡಿ. ಮಾಡಿಕೊಡುವವರೇ ಅಲ್ವಾ?

ನಿಮ್ಮ ಮನೆ ನೋಡೋಕೆ ಬರುವವರು ಮೊದಲು ಕೇಳುವುದು ರಸ್ತೆ ಎಷ್ಟಗಲ, ಯಾವ ದಿಕ್ಕಿಗೆ ಬಾಗಿಲು, ಖಾತೆ ಸರಿ ಇದೆಯಾ, ಚದರಡಿಗೆ ಎಷ್ಟು ಹೇಳುತ್ತೀರಿ ಅಂತ. ಅವರು ದುಡ್ಡು ಕೊಡುವುದು 1,200 ಚದರಡಿ ನೆಲಕ್ಕೆ. ಕಟ್ಟಡದ ಬೆಲೆ ವರ್ಷ ಹೋದಂತೆ ಇಳಿಯುತ್ತದೆ. ಬ್ಯಾಂಕಿನಿಂದ ಬೆಲೆ ಕಟ್ಟೋಕೆ ಬಂದವರು ಆರ್‌ಸಿಸಿ ಮನೆಗೆ 60 ವರ್ಷ ಆಯಸ್ಸು ಅಂತ ಹಿಡಿದರೆ, 30 ದಾಟಿದ ನಿಮ್ಮ ಕಟ್ಟಡದ ಬೆಲೆ ಹತ್ತಿರ ಹತ್ತಿರ ಅರ್ಧ ಕಳೆದಂತೆ. ಅದರಲ್ಲಿ ಹೊಸ ಅಡುಗೆಮನೆಗೆ ಅಂತ ಎಷ್ಟು ಸೇರಿಸಿಯಾರು? ಇನ್ನು ಕೊಳ್ಳುವವರು ಹಳೇದು ಕೆಡವಿ ಮೂರಂತಸ್ತು ಎತ್ತುವ ಲೆಕ್ಕದವರಾದರೆ ನಿಮ್ಮ ಐದು ಲಕ್ಷ ಗುಜರಿಗೆ.

ಅಡುಗೆಮನೆಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರುತ್ತದೆ ಅನ್ನುವ ಮಾತು ಹೆಚ್ಚಾಗಿ ಅಮೆರಿಕದಿಂದ ಬಂದದ್ದು. ಅಲ್ಲಿ ‘ಕಾಸ್ಟ್ ವರ್ಸಸ್ ವ್ಯಾಲ್ಯೂ’ ಅಂತ ಒಂದು ವರದಿ ಬರುತ್ತದೆ. 2024ರ ವರದಿಯಲ್ಲಿ ಬಾಗಿಲು, ಕಟ್ಟೆ, ನಲ್ಲಿ ಬದಲಾಯಿಸುವ ಸಣ್ಣ ರಿಪೇರಿಗೆ ಹಾಕಿದ್ದರಲ್ಲಿ ಸುಮಾರು 96% ಮಾರುವಾಗ ಸಿಗುತ್ತದೆ ಅಂತಿದೆ. ಅದೇ ವರದಿಯಲ್ಲಿ ಎಲ್ಲ ಕಿತ್ತು ಭರ್ಜರಿಯಾಗಿ ಮಾಡಿಸಿದ್ದಕ್ಕೆ ಬರೀ 38%. ಇದನ್ನು ಮಾತ್ರ ಯಾರೂ ನಿಮಗೆ ಹೇಳಲ್ಲ. ಅಲ್ಲಿನ ಪರ್ಸೆಂಟ್ ಲೆಕ್ಕ ಕುವೆಂಪುನಗರಕ್ಕೆ ಹೊಂದಲ್ಲ, ಆದರೆ ಸಣ್ಣ ಕೆಲಸ ಗಿಟ್ಟುತ್ತೆ, ದೊಡ್ಡದು ಗಿಟ್ಟಲ್ಲ ಅನ್ನುವುದು ಇಲ್ಲೂ ಅಷ್ಟೇ ನಿಜ.

ಹಾಗಂತ ಅಡುಗೆಮನೆ ಸುಮ್ನೆ ಬಿಟ್ಟುಬಿಡಿ ಅಂತಲ್ಲ. ಅದು ಬೆಲೆ ಏರಿಸದಿದ್ದರೂ ಇಳಿಸೋದು ಗ್ಯಾರಂಟಿ. ಮನೆ ನೋಡೋಕೆ ಬಂದ ಹೆಂಗಸರು ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ, ಸಿಂಕ್ ಕೆಳಗೆ ಬಗ್ಗುತ್ತಾರೆ. ಅಲ್ಲಿ ಗೋಡೆ ಒದ್ದೆಯಾಗಿ ಸುಣ್ಣ ಉದುರುತ್ತಿದ್ದರೆ, ಗಟಾರದ ವಾಸನೆ ಬಂದರೆ, ಹೊರಗೆ ಬಂದು ಗಂಡನ ಮುಖ ನೋಡುತ್ತಾರೆ. ಅಷ್ಟೇ, ಇಪ್ಪತ್ತು ಸಾವಿರದ ಕೆಲಸಕ್ಕೆ ಎರಡು ಲಕ್ಷ ಚೌಕಾಸಿ ಶುರು. ಪೈಪು ಬದಲಾಯಿಸಿ, ಸಿಂಕಿಗೆ ಟ್ರ್ಯಾಪ್ (ವಾಸನೆ ಮೇಲೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪು) ಹಾಕಿಸಿ, ಒಗ್ಗರಣೆ ಜಿಡ್ಡು ಹತ್ತಿದ ಗೋಡೆಗೆ ಹೊಸ ಟೈಲ್ಸ್, ಒಳ್ಳೆ ಬೆಳಕು, ಎಕ್ಸಾಸ್ಟ್ ಫ್ಯಾನ್. ಕಡಪಾ ಕಲ್ಲು ಒಡೆದಿಲ್ಲ ಅಂದರೆ ಉಜ್ಜಿ ತೊಳೆಸಿ ಬಿಡಿ. ಅಡುಗೆಮನೆ ಆಗ್ನೇಯಕ್ಕೆ ಇದ್ದರೆ ಜಾಹೀರಾತಿನಲ್ಲಿ ಅದನ್ನೇ ಬರೆಯಿರಿ, ಮಾಡ್ಯುಲರ್‌ಗಿಂತ ಜಾಸ್ತಿ ಜನ ಬರುತ್ತಾರೆ. ನಾನು ವಾಸ್ತು ನಂಬಲ್ಲ, ಕೊಳ್ಳುವವರು ನಂಬುತ್ತಾರಲ್ಲ!

ಅಗ್ಗದ ಮಾಡ್ಯುಲರ್ ಅಂತೂ ಬೇಡವೇ ಬೇಡ. ನಮ್ಮನೆಯಲ್ಲೇ ಪಾಠ ಆಗಿದೆ. ಪಾರ್ಟಿಕಲ್ ಬೋರ್ಡಿನ ಬಾಗಿಲು, ಎರಡು ಮಳೆಗಾಲಕ್ಕೆ ಸಿಂಕ್ ಕೆಳಗಿನ ಅಂಚು ನೆನೆಸಿದ ಅವಲಕ್ಕಿ ಹಾಗೆ ಉಬ್ಬಿತ್ತು, ಬೆರಳಲ್ಲಿ ಒತ್ತಿದರೆ ಪುಡಿ. ಮಾಡಿಸಲೇಬೇಕು ಅಂದರೆ ಸಿಂಕ್ ಸುತ್ತಲಾದರೂ ನೀರು ತಡೆಯುವ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಕೇಳಿ.

ಬಿಲ್ಲು ಮಾತ್ರ ಇಟ್ಟುಕೊಳ್ಳಿ. ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಮನೆಯನ್ನು ಉತ್ತಮಪಡಿಸಿದ ಖರ್ಚನ್ನು ಕಳೆಯಬಹುದು, ಸುಣ್ಣಬಣ್ಣದಂಥ ಮಾಮೂಲಿ ರಿಪೇರಿಯನ್ನಲ್ಲ. 2024ರ ಜುಲೈ 23ಕ್ಕೆ ಮುಂಚಿನ ಆಸ್ತಿ ಆದ್ದರಿಂದ ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಹಳೇ ಖರ್ಚನ್ನು ಏರಿಸಿ ಹಿಡಿಯುವ ಲೆಕ್ಕ) ಇಲ್ಲದೆ 12.5%, ಇಂಡೆಕ್ಸೇಷನ್ ಸೇರಿಸಿ 20%, ಎರಡರಲ್ಲಿ ಯಾವುದು ಕಮ್ಮಿಯೋ ಅದು ನಿಮಗೆ. ಆಡಿಟರ್ ಹತ್ತಿರ ಈಗಲೇ ಒಮ್ಮೆ ಕೂತು ಬನ್ನಿ. ಇ-ಖಾತೆ ಆಗಿಲ್ಲದಿದ್ದರೆ ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಅದನ್ನು ಮಾಡಿಸಿ.

ಪ್ರಶ್ನೆ: ಮಂಡ್ಯದಲ್ಲಿ ಮೇಲಿನ ಮನೆ ಬಾಡಿಗೆಗೆ ಕೊಡುತ್ತಿದ್ದೇವೆ. ಎರಡು ಲಕ್ಷದ ಮಾಡ್ಯುಲರ್ ಹಾಕಿಸಿದರೆ ತಿಂಗಳಿಗೆ ಸಾವಿರ ಜಾಸ್ತಿ ಸಿಗಬಹುದು. ಮಾಡಿಸಲಾ?

ಉತ್ತರ: ಎರಡು ಲಕ್ಷ ಭಾಗಿಸು ಒಂದು ಸಾವಿರ, 200 ತಿಂಗಳು. ಹದಿನಾರು ವರ್ಷ ದಾಟಿತು, ಅಷ್ಟರಲ್ಲಿ ಬಾಗಿಲಿನ ಹಿಂಜ್ ಎಷ್ಟು ಸಲ ಬದಲಾಯಿಸುತ್ತೀರೋ! ಬೇಡ. ಗಟ್ಟಿ ಗ್ರಾನೈಟ್ ಕಟ್ಟೆ, ಮುದ್ದೆ ಪಾತ್ರೆ ಸಲೀಸಾಗಿ ಮುಳುಗುವಷ್ಟು ಆಳದ ಸಿಂಕ್, ಮಿಕ್ಸಿ ಪಕ್ಕ ಇನ್ನೆರಡು ಪ್ಲಗ್ ಪಾಯಿಂಟ್ ಹಾಕಿಸಿ ಸಾಕು.