ಆಕ್ಸೆಸ್ ಲಾಗ್‌ನಲ್ಲಿ ಬ್ರೌಸರ್ ವಿವರ ಕಾಣಬೇಕಾದರೆ ಏನು ಮಾಡಬೇಕು?

ಅಪಾಚೆ ವೆಬ್ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ, ಅಂದರೆ ಯಾರು ಯಾವ ಪುಟ ಕೇಳಿದರು ಅಂತ ಸರ್ವರ್ ಬರೆದಿಡುವ ಫೈಲಿನಲ್ಲಿ, ಐಪಿ, ಸಮಯ, ಕೇಳಿದ ಪುಟ ಇಷ್ಟೇ ಕಾಣುತ್ತಿದೆ, ಬಂದವರ ಬ್ರೌಸರ್ ಯಾವುದು, ಫೋನ್ ಯಾವುದು ಅಂತ ನೋಡೋದು ಹೇಗೆ ಅಂತ ಕೇಳಿದ್ದೀರಿ. ಹಾಗಾದರೆ ನಿಮ್ಮ ಸರ್ವರ್ ಕಾಮನ್ ಫಾರ್ಮ್ಯಾಟ್‌ನಲ್ಲಿ ಬರೆಯುತ್ತಿದೆ. ನಿಮಗೆ ಬೇಕಿರುವುದು ಬ್ರೌಸರ್ ವಿವರವನ್ನೂ ಸೇರಿಸಿ ಬರೆಯುವ ಕಂಬೈನ್ಡ್ ಫಾರ್ಮ್ಯಾಟ್.

ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್‌ನಿಂದ ಹಾಕಿಕೊಂಡ ಅಪಾಚೆ ಮೊದಲಿಂದಲೂ ಕಂಬೈನ್ಡ್‌ನಲ್ಲೇ ಬರೆಯುತ್ತದೆ, ಎಂಜಿನ್‌ಎಕ್ಸ್ ಅನ್ನೋ ಇನ್ನೊಂದು ವೆಬ್ ಸರ್ವರ್ ಕೂಡ ಹಾಗೇ. ಸೋರ್ಸ್‌ನಿಂದ ಕಂಪೈಲ್ ಮಾಡಿಕೊಂಡಿದ್ದರೆ ಕಾನ್ಫಿಗ್ ಫೈಲಿನ ಕಸ್ಟಮ್‌ಲಾಗ್ ಸಾಲಿನಲ್ಲಿ ಕಾಮನ್ ಅಂತ ಇರುತ್ತದೆ, ಅದರ ಸ್ವಲ್ಪ ಕೆಳಗೇ ಕಂಬೈನ್ಡ್ ಸಾಲು ಹ್ಯಾಶ್ (#, ಸಾಲು ಕೆಲಸ ಮಾಡದಂತೆ ಇಡುವ ಗುರುತು) ಹಾಕಿಸಿಕೊಂಡು ಸುಮ್ನೆ ಕೂತಿರುತ್ತದೆ. ಆ ಹ್ಯಾಶ್ ತೆಗೆದು ಮೇಲಿನ ಸಾಲಿಗೆ ಹಾಕಿ. ಎರಡನ್ನೂ ತೆರೆದಿಟ್ಟರೆ ಒಂದೇ ರಿಕ್ವೆಸ್ಟ್ ಎರಡೆರಡು ಸಲ ಬರೆಸಿಕೊಳ್ಳುತ್ತದೆ. ಆಮೇಲೆ ಕಾನ್ಫಿಗ್‌ನಲ್ಲಿ ತಪ್ಪಿದೆಯಾ ಅಂತ ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿ ಅಪಾಚೆ ರಿಲೋಡ್ ಮಾಡಿದರೆ ಸಾಕು. ಹಳೆಯ ಸಾಲುಗಳಿಗೆ ಬ್ರೌಸರ್ ವಿವರ ಬರುವುದಿಲ್ಲ, ಬರೆದೇ ಇರದಿದ್ದನ್ನು ಎಲ್ಲಿಂದ ತರೋದು?

ಈಗ ಪ್ರತಿ ಸಾಲಿನ ಕೊನೆಯಲ್ಲಿ ಡಬಲ್ ಕೋಟ್‌ನೊಳಗೆ ಎರಡು ಹೊಸ ತುಂಡುಗಳು ಬರುತ್ತವೆ. ಮೊದಲನೆಯದು ರೆಫರರ್, ಅಂದರೆ ಯಾವ ಪುಟದಿಂದ ಬಂದರು ಅಂತ. ಎರಡನೆಯದೇ ಯೂಸರ್ ಏಜೆಂಟ್, ಅಂದರೆ ಬ್ರೌಸರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸಾಲು. ಆಂಡ್ರಾಯ್ಡ್ ಫೋನಿನ ಕ್ರೋಮ್ ಆದರೆ ಹೀಗಿರುತ್ತದೆ: ಮೊಜಿಲ್ಲಾ/5.0, ಲಿನಕ್ಸ್, ಆಂಡ್ರಾಯ್ಡ್ 10, ಕೆ, ಆಪಲ್‌ವೆಬ್‌ಕಿಟ್/537.36, ಕೆಎಚ್‌ಟಿಎಂಎಲ್ ಲೈಕ್ ಗೆಕ್ಕೋ, ಕ್ರೋಮ್/120.0.0.0, ಮೊಬೈಲ್, ಸಫಾರಿ/537.36. ಒಂದು ಬ್ರೌಸರ್‌ಗೆ ಇಷ್ಟೊಂದು ಹೆಸರು ಯಾಕೆ ಅಂತ ಅನಿಸುತ್ತೆ, ಅಲ್ವಾ? ತೊಂಬತ್ತರ ದಶಕದಲ್ಲಿ ಕೆಲವು ಸೈಟ್‌ಗಳು ಫ್ರೇಮ್ ಇರುವ ಒಳ್ಳೆ ಪುಟವನ್ನು ನೆಟ್‌ಸ್ಕೇಪ್‌ಗೆ, ಅಂದರೆ ಮೊಜಿಲ್ಲಾ ಅಂತ ಹೇಳಿಕೊಂಡವರಿಗೆ ಮಾತ್ರ ಕೊಡುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಾನೂ ಮೊಜಿಲ್ಲಾ ಅಂದುಬಿಟ್ಟಿತು. ಆಮೇಲೆ ಬಂದ ಸಫಾರಿ, ಕ್ರೋಮ್ ಎಲ್ಲವೂ ತಮ್ಮ ಹಿಂದಿನವರ ಹೆಸರನ್ನು ಸೇರಿಸಿಕೊಳ್ಳುತ್ತಾ ಹೋದವು.

ಆದ್ದರಿಂದ ಸುಮ್ಮನೆ ಸಫಾರಿ ಅಂತ ಗ್ರೆಪ್ ಮಾಡಿದರೆ, ಅಂದರೆ ಲಾಗ್‌ನಲ್ಲಿ ಆ ಪದ ಹುಡುಕಿದರೆ, ಕ್ರೋಮ್‌ನವರೆಲ್ಲ ಅದರಲ್ಲಿ ಬಂದುಬಿಡುತ್ತಾರೆ. ಮೊದಲು ಎಡ್ಜ್‌ನ ಇಡಿಜಿ, ಒಪೆರಾದ ಒಪಿಆರ್, ಸ್ಯಾಮ್‌ಸಂಗ್‌ಬ್ರೌಸರ್ ಇವನ್ನು ಬೇರ್ಪಡಿಸಿ, ಉಳಿದದ್ದರಲ್ಲಿ ಕ್ರೋಮ್, ಕಡೆಗೆ ಸಫಾರಿ. ಐಫೋನಿನ ಕ್ರೋಮ್ ತನ್ನನ್ನು ಸಿಆರ್‌ಐಒಎಸ್ ಅಂತ ಕರೆದುಕೊಳ್ಳುತ್ತದೆ, ಅದನ್ನೂ ಸಫಾರಿಗಿಂತ ಮೊದಲೇ ನೋಡಿ. ಬ್ರೇವ್ ಮಾತ್ರ ತಾನು ಕ್ರೋಮ್ ಅಂತಲೇ ಹೇಳಿಕೊಳ್ಳುತ್ತದೆ, ಲಾಗ್ ನೋಡಿ ಅದನ್ನು ಹಿಡಿಯೋಕೆ ಆಗಲ್ಲ.

ಲೆಕ್ಕ ಹಾಕೋಕೆ ನಾನು ಮಾಡೋದು ಇಷ್ಟೇ. ಸಾಲುಗಳನ್ನು ತುಂಡು ಮಾಡುವ ಆಕ್ (awk) ಕಮಾಂಡ್‌ಗೆ ಡಬಲ್ ಕೋಟನ್ನೇ ಸೆಪರೇಟರ್ ಆಗಿ ಕೊಟ್ಟು ಆರನೇ ಫೀಲ್ಡ್, ಅಂದರೆ ಯೂಸರ್ ಏಜೆಂಟ್ ತೆಗೆಯುತ್ತೇನೆ. ಅದನ್ನು ಸಾರ್ಟ್‌ಗೆ, ಅಲ್ಲಿಂದ ಒಂದೇ ಥರದ ಸಾಲುಗಳನ್ನು ಎಣಿಸುವ ಯೂನಿಕ್ ಮೈನಸ್ ಸಿಗೆ (uniq -c) ಪೈಪ್ ಮಾಡಿ, ಮತ್ತೆ ಸಂಖ್ಯೆಯ ಮೇಲೆ ಇಳಿಕೆಯಲ್ಲಿ ಸಾರ್ಟ್ ಮಾಡುತ್ತೇನೆ. ಉಬುಂಟುನಲ್ಲಿ ಲಾಗ್ ಓದೋಕೆ ಸುಡೋ (ಅಡ್ಮಿನ್ ಅಧಿಕಾರ) ಬೇಕು, ಇಲ್ಲವೇ ನಿಮ್ಮ ಯೂಸರ್ ಲಾಗ್ ಓದಲು ಅನುಮತಿ ಇರುವ ಎಡಿಎಂ ಗ್ರೂಪ್‌ನಲ್ಲಿರಬೇಕು. ಕಮಾಂಡ್ ಬೇಡ ಅನ್ನಿಸಿದರೆ ಗೋಆಕ್ಸೆಸ್ ಅನ್ನೋ ಲಾಗ್ ವಿಶ್ಲೇಷಕ ಹಾಕಿಕೊಳ್ಳಿ, ಟರ್ಮಿನಲ್‌ನಲ್ಲೇ ಬ್ರೌಸರ್, ಓಎಸ್ ಪಟ್ಟಿ ಚೆನ್ನಾಗಿ ತೋರಿಸುತ್ತದೆ.

ಫೋನ್ ಮಾಡೆಲ್ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮೇಲಿನ ಸಾಲಿನ ಆಂಡ್ರಾಯ್ಡ್ 10, ಕೆ ಅನ್ನೋದು ನಿಜವಾದ ಫೋನಿನ ವಿವರವಲ್ಲ. 2023ರಿಂದ ಕ್ರೋಮ್ ಬಹುತೇಕ ಎಲ್ಲ ಆಂಡ್ರಾಯ್ಡ್ ಫೋನಿಗೂ ಅದೇ ಹೇಳುತ್ತದೆ, ಕೈಯಲ್ಲಿರುವುದು ಹೊಸ ಸ್ಯಾಮ್‌ಸಂಗ್ ಇರಲಿ, ಹಳೆಯ ರೆಡ್‌ಮಿ ಇರಲಿ. ಕ್ರೋಮ್ ವರ್ಷನ್‌ನಲ್ಲಿ 120 ಆದ ಮೇಲೆ ಬರುವ ಮೂರು ಸೊನ್ನೆಗಳೂ ಅದೇ ಕಥೆ. ವಿಂಡೋಸ್ 11 ಕೂಡ ವಿಂಡೋಸ್ ಎನ್‌ಟಿ 10.0 ಅಂತಲೇ ಬರುತ್ತದೆ. ಮಾಡೆಲ್ ಬೇಕೇ ಬೇಕೆಂದರೆ ಸರ್ವರ್ ಆಕ್ಸೆಪ್ಟ್-ಸಿಎಚ್ ಹೆಡರ್ ಕಳಿಸಿ ಕ್ಲೈಂಟ್ ಹಿಂಟ್ಸ್ (ಕೇಳಿದಾಗ ಬ್ರೌಸರ್ ಕೊಡುವ ಹೆಚ್ಚಿನ ವಿವರ) ಕೇಳಬೇಕು, ಬಂದದ್ದನ್ನು ಕಾನ್ಫಿಗ್‌ನಲ್ಲಿ ಲಾಗ್ ಸಾಲಿನ ರೂಪ ಹೇಳುವ ಲಾಗ್‌ಫಾರ್ಮ್ಯಾಟ್‌ಗೆ ಸೇರಿಸಬೇಕು. ಅದಕ್ಕೆ ಎಚ್‌ಟಿಟಿಪಿಎಸ್ ಇರಲೇಬೇಕು, ಫೈರ್‌ಫಾಕ್ಸ್, ಸಫಾರಿ ಉತ್ತರ ಕೊಡುವುದಿಲ್ಲ. ಸಣ್ಣ ಸೈಟ್‌ಗೆ ಇಷ್ಟೆಲ್ಲ ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು, ಈ ಯೂಸರ್ ಏಜೆಂಟ್ ಸಾಲಿನಲ್ಲಿ ಯಾರು ಏನು ಬೇಕಾದರೂ ಬರೆದು ಕಳಿಸಬಹುದು. ಗೂಗಲ್‌ಬಾಟ್ (ಸೈಟ್‌ಗಳನ್ನು ಓದಲು ಗೂಗಲ್ ಕಳಿಸುವ ಪ್ರೋಗ್ರಾಂ) ಅಂತ ಹೇಳಿಕೊಂಡು ಬಂದವರನ್ನು ನಂಬುವ ಮುಂಚೆ ಆ ಐಪಿಯ ರಿವರ್ಸ್ ಡಿಎನ್‌ಎಸ್, ಅಂದರೆ ಆ ಐಪಿಗೆ ಇರುವ ಹೆಸರು ನೋಡಿ, ಬಂದ ಹೆಸರು ಗೂಗಲ್‌ನದೇ ಡೊಮೈನ್‌ನಲ್ಲಿ ಮುಗಿಯುತ್ತದಾ, ಆ ಹೆಸರನ್ನು ಮತ್ತೆ ಹುಡುಕಿದರೆ ಅದೇ ಐಪಿ ಸಿಗುತ್ತದಾ ಅಂತ ಪರೀಕ್ಷೆ ಮಾಡಿ.