ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತದ ಬುಡದಲ್ಲಿ, ಅಷ್ಟು ಚಳಿಯಲ್ಲಿ ವೈನ್ ದ್ರಾಕ್ಷಿ ಹೇಗೆ ಬೆಳೆಯುತ್ತೆ?

ಎರಡು ಕಾರಣ: ಬೇಗ ಹಣ್ಣಾಗುವ ತಳಿ, ನೆಲಕ್ಕೆ ಹತ್ತಿರವಿರುವ ಚಪ್ಪರ.

ಇಟಲಿಯ ಆವೋಸ್ತಾ ಕಣಿವೆಯಲ್ಲಿ ಮೊರ್ಜೆ, ಲಾ ಸಾಲ್ ಅಂತ ಎರಡು ಊರುಗಳಿವೆ. ದ್ರಾಕ್ಷಿ ತೋಟಗಳು ಸುಮಾರು 900ರಿಂದ 1,200 ಮೀಟರ್ ಎತ್ತರದಲ್ಲಿವೆ. ಅಲ್ಲಿ ಬೇಸಿಗೆ ಚಿಕ್ಕದು. ಪ್ರಿಯೆ ಬ್ಲಾಂ ಅನ್ನೋ ಸ್ಥಳೀಯ ಬಿಳಿ ದ್ರಾಕ್ಷಿ ಅಷ್ಟರೊಳಗೇ ಹಣ್ಣಾಗಿಬಿಡುತ್ತದೆ.

ಚಪ್ಪರ ತಲೆಗಿಂತ ಮೇಲಿರೋದಿಲ್ಲ, ತುಂಬಾ ತಗ್ಗು. ಕೊಯ್ಯುವವರು ಬಗ್ಗಿ, ಕೆಲವು ಕಡೆ ಮಂಡಿಯೂರಿ ಕೆಲಸ ಮಾಡಬೇಕು. ಸಂಜೆ ಬಿಸಿಲು ಇಳಿದ ಮೇಲೂ ಜಗಲಿ ಕಲ್ಲು ಬೆಚ್ಚಗಿರುತ್ತೆ, ಅಲ್ವಾ? ಅಲ್ಲಿನ ಕಲ್ಲುಗೋಡೆ, ನೆಲವೂ ಹಾಗೆಯೇ: ಹಗಲು ಹೀರಿದ ಕಾವನ್ನು ರಾತ್ರಿ ಬಿಡುತ್ತವೆ. ಮೇಲಿನ ಎಲೆಗಳು ಆ ಕಾವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತವೆ.

ಆದರೂ ರಾತ್ರಿಗಳು ತಂಪೇ. ಹಾಗಾಗಿ ಹಣ್ಣಿನ ಹುಳಿ ಜಾಸ್ತಿ ಉಳಿಯುತ್ತದೆ. ವೈನ್ ತಿಳಿಯಾಗಿ, ಹಗುರವಾಗಿ, ಹಸಿರು ಸೇಬು ಕಚ್ಚಿದಂತೆ ಚುರುಕಾಗಿರುತ್ತದೆ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. 19ನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಹೇನು ಯುರೋಪಿನ ಬಹುಪಾಲು ದ್ರಾಕ್ಷಿ ತೋಟಗಳನ್ನು ಹಾಳುಮಾಡಿತು. ಆಮೇಲೆ ಹೆಚ್ಚಿನ ಕಡೆ, ಆ ಹೇನನ್ನು ತಡೆದುಕೊಳ್ಳುವ ಅಮೆರಿಕದ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿದರು. ಈ ಎತ್ತರಕ್ಕೆ ಆ ಹೇನು ತಲುಪಲಿಲ್ಲ. ಇಲ್ಲಿನ ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನ ಮೇಲೇ ನಿಂತಿವೆ.